ಮಾತ್ರ್ಯೋನಾಳಿಗಾಗಿ ಸಜ್ಜಾದ ಗಾಡಿ

ಪ್ರೊಕೋಪಿ ಹೆಂಡತಿಯನ್ನು ಸೈಬೀರಿಯಾದ ಯಾಕುತ್ಸ್ಕ್ ನಗರದ ಆಸ್ಪತ್ರೆಯಲ್ಲಿ ಬಿಟ್ಟು, ಬಾರ್ಜಿನಲ್ಲಿ ಲೇನಾ ನದಿ ದಾಟಿ ಊರಿಗೆ ಬಂದದ್ದು ಎರಡು ದಿನದ ಮಟ್ಟಿಗೆ. ಮಾತ್ರ್ಯೋನಾಳ ಲಿವರ್ ಕೈಕೊಟ್ಟಿತ್ತು. ಹೊಟ್ಟೆಯಲ್ಲಿ ತುಂಬಿದ ನೀರು ತೆಗೆದು ಒಂದು ವಾರ ನೋಡಿಕೊಂಡು ಮನೆಗೆ ಕಳಿಸುತ್ತೇವೆ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಷ್ಟರೊಳಗೆ ಗಾಡಿಯನ್ನು ಚಳಿಗಾಲಕ್ಕೆ ಸಜ್ಜು ಮಾಡಿ, ಬಾರ್ಜಿನಲ್ಲೇ ಆಚೆ ದಡಕ್ಕೆ ಒಯ್ದು, ಅವಳನ್ನು ಹಿಂದಿನ ಸೀಟಿನಲ್ಲಿ ಬೆಚ್ಚಗೆ ಮಲಗಿಸಿಕೊಂಡು ಬರುವುದೆಂದು ಅವನು ಲೆಕ್ಕ ಹಾಕಿದ್ದ.

ಆ ಗಾಡಿಯೆಂದರೆ ಅವಳಿಗೆ ಪ್ರಾಣ. ವಜ್ರದ ಗಣಿಯಲ್ಲಿ ಆಯಸ್ಸೆಲ್ಲ ದುಡಿದು ನಿವೃತ್ತನಾದಾಗ ಪ್ರೊಕೋಪಿಗೆ ಹೊಸ ಮನೆ ಕಟ್ಟುವ ಹಂಬಲವಿತ್ತು. "ಮನೆ ನಿಂತಲ್ಲೇ ನಿಂತಿರುತ್ತೆ ಮುದುಕಾ, ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗುತ್ತಾ?" ಎಂದು ಅವಳು ಹಟ ಹಿಡಿದು ಜಪಾನಿನಿಂದ ಬಂದ ಬಿಳಿ ಜೀಪು ಕೊಡಿಸಿಕೊಂಡಿದ್ದಳು. ಚರ್ಮದ ಸೀಟು, ನಯವಾದ ಮರದ ಅಂಚು, ತಲೆಯ ಮೇಲೆ ಗಾಜಿನ ಕಿಟಕಿ. ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಆ ವರ್ಷ ನದಿ ಯಾರಿಗೂ ಹೇಳದೆ ಕೇಳದೆ ಮುಚ್ಚಿಕೊಂಡಿತು. ಪ್ರೊಕೋಪಿ ಬಂದ ಮರುದಿನವೇ ಮೇಲಿನಿಂದ ಮಂಜುಗಡ್ಡೆಯ ಹಾಳೆಗಳು ಒಂದಕ್ಕೊಂದು ಉಜ್ಜುತ್ತ ಇಳಿದವು. ಬಾರ್ಜು ನಿಂತುಹೋಯಿತು. ಇನ್ನು ನೀರು ಗಾಡಿ ಹೊರುವಷ್ಟು ಗಟ್ಟಿಯಾಗುವವರೆಗೆ ಈ ದಡದವರು ಈ ದಡಕ್ಕೆ, ಆ ದಡದವರು ಆ ದಡಕ್ಕೆ. ನಡುವೆ ಓಡಾಡುವುದು ನೀರು, ಮಂಜುಗಡ್ಡೆ ಎರಡರ ಮೇಲೂ ಗಾಳಿಯ ಒತ್ತಡದಿಂದ ತೇಲುವ ಒಂದೇ ಒಂದು ಗಾಳಿದೋಣಿ. ಅದರಲ್ಲಿ ಜನ ಹೋಗಬಹುದು, ಗಾಡಿ ಹೋಗದು.

ಮಾತ್ರ್ಯೋನಾಳ ತಮ್ಮ ದ್ಯುಲುಸ್ ಓಡಿ ಬಂದ. "ಭಾವ, ಸೀಟು ಹಿಡಿದಿದೀನಿ. ಬಟ್ಟೆ ಕಟ್ಕೋ, ಹೊರಡು."

ಪ್ರೊಕೋಪಿ ಹೆಂಡತಿಗೆ ಫೋನು ಮಾಡಿದ.

"ಕೈ ಬೀಸ್ಕೊಂಡು ಬಂದು ಏನ್ ಮಾಡ್ತೀಯ? ನನ್ನ ಮುಖ ನೋಡ್ತಾ ಕೂತ್ಕೋತೀಯಾ?" ಎಂದಳು ಅವಳು. "ಇಲ್ಲಿ ನೋಡೋರು ಬೇಕಾದಷ್ಟು ಜನ ಇದಾರೆ. ನಂಗೆ ಮನೆಗೆ ಬರ್ಬೇಕು. ನೀನು ಗಾಡಿ ರೆಡಿ ಮಾಡು. ನದಿ ಗಟ್ಟಿಯಾದ ದಿನ ಮೊದಲು ದಾಟೋನು ನೀನೇ ಆಗಿರ್ಬೇಕು."

ಸೀಟು ಬೇರೆ ಯಾರಿಗೋ ಹೋಯಿತು. ಪ್ರೊಕೋಪಿ ಗಾಡಿಯ ಕೆಲಸಕ್ಕೆ ಕೂತ.

ಕಿಟಕಿಗಳಿಗೆ ಎರಡನೆಯ ಗಾಜು ಅಂಟಿಸಿದ. ಎಂಜಿನ್ನಿನ ಮೇಲೆ ದಪ್ಪ ಉಣ್ಣೆಗಂಬಳಿ ಹಾಸಿ, ರೇಡಿಯೇಟರಿನ ಮುಂದೆ ರಟ್ಟು ಸಿಕ್ಕಿಸಿದ. ಎಣ್ಣೆ ಬಸಿದು ತೆಳ್ಳನೆಯದನ್ನು ತುಂಬಿದ. ಮಂಜುಗಡ್ಡೆಯ ಮೇಲೆ ಜಾರದಂತೆ ಮೊಳೆ ಹೊಡೆದ ಟೈರು ಹಾಕಿದ. ಪೆಟ್ರೋಲಿನಲ್ಲಿ ಉರಿಯುವ ಪುಟ್ಟ ಹೀಟರನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸಿದ. ಚಳಿಗೆ ಚರ್ಮದ ಸೀಟು ಹಲಗೆಯಂತಾಗುತ್ತದೆಂದು ಹಿಂದುಗಡೆ ಕುದುರೆ ಚರ್ಮ ಹಾಸಿ, ಮೇಲೆ ಅವಳ ರಜಾಯಿ ಹರವಿದ. ಪ್ರತಿದಿನ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ.

"ಮೇಲಿನ ಕಿಟಕಿ ಮುಚ್ಚಿಬಿಟ್ಯಾ?"

"ಅಲ್ಲಿಂದಲೇ ಕಣೇ ಚಳಿ ಇಳಿಯೋದು."

"ಇಳೀಲಿ ಬಿಡು. ಮಲಗಿದೋಳು ಇನ್ನೇನು ನೋಡ್ಲಿ, ನಿನ್ನ ಬೋಳು ತಲೆನಾ?"

ಅವನು ನಕ್ಕ. ಕಿಟಕಿಯನ್ನು ಮುಚ್ಚದೆ ಬಿಟ್ಟ. ಅದು ಅವಳು ಆಡಿದ ಕೊನೆಯ ತಮಾಷೆ. ಆಮೇಲಾಮೇಲೆ ಅವಳ ಮಾತು ಕಡಿಮೆಯಾಯಿತು, ತೊದಲಿತು. ಒಂದು ದಿನ ಅವನನ್ನು ಗುರುತಿಸದೆ "ಅಪ್ಪಾ, ಹಸು ಒಳಗೆ ಕಟ್ಟಿದ್ಯಾ?" ಎಂದು ಕೇಳಿದಳು. ಪ್ರೊಕೋಪಿ "ಕಟ್ಟಿದೀನಮ್ಮ" ಎಂದು ಹೇಳಿ ಫೋನಿಟ್ಟು, ನೇರ ನದಿಯ ಕಟ್ಟೆಗೆ ಹೋದ. ಗಾಳಿದೋಣಿ ದಡಕ್ಕೆ ಕಟ್ಟಿಸಿಕೊಂಡು ಬಿದ್ದಿತ್ತು. ಎದುರಿನ ಮನುಷ್ಯ ಕಾಣದಷ್ಟು ಮಂಜು ಕವಿದಿತ್ತು.

ಮಂಜು ತಿಳಿಯಾದರೂ ದೋಣಿ ಹೊರಡಲಿಲ್ಲ. ಅದರ ಎಂಜಿನ್ನು ಕೆಟ್ಟಿತ್ತು. ಪ್ರೊಕೋಪಿ ತನ್ನ ಗಾಡಿಯನ್ನು ನದಿಗೆ ಇಳಿಸಿದ. ಮಂಜುಗಡ್ಡೆಯ ಮೇಲಿನ ದಾರಿಯನ್ನು ಸರ್ಕಾರದವರು ಇನ್ನೂ ತೆರೆದಿರಲಿಲ್ಲ, ಗುರುತಿನ ಕೋಲು ಕೂಡ ನೆಟ್ಟಿರಲಿಲ್ಲ. ಬೇಡವೆಂದು ಬಡಕೊಂಡ ದ್ಯುಲುಸ್ ಕೊನೆಗೆ ಕಬ್ಬಿಣದ ಸಲಾಕೆ ಹಿಡಿದು ಮುಂದೆ ಮುಂದೆ ಮಂಜುಗಡ್ಡೆ ಕುಟ್ಟುತ್ತ ನಡೆದ. ಪ್ರೊಕೋಪಿ ಗಡ್ಡೆ ಒಡೆದರೆ ಹೊರಗೆ ಹಾರಿಕೊಳ್ಳಲೆಂದು ಬೆಲ್ಟ್ ಹಾಕದೆ, ಬಾಗಿಲು ಅರೆತೆರೆದು, ಅವನ ಹೆಜ್ಜೆಯ ಮೇಲೆ ಗಾಡಿ ಹರಿಸಿದ. ಒಳಗೆ ಹೀಟರು ಉರಿಯುತ್ತಿತ್ತು. ಆಚೆ ದಡದ ಹೊಗೆಕೊಳವೆಗಳು ಕಾಣತೊಡಗಿದವು.

ನಡುನದಿಯಲ್ಲಿ ಸಲಾಕೆ ಒಂದೇ ಏಟಿಗೆ ಒಳಗಿಳಿಯಿತು. ಕಪ್ಪು ನೀರು ಉಕ್ಕಿ ದ್ಯುಲುಸನ ಬೂಟು ನೆನೆಯಿತು.

"ಹಿಂದಕ್ಕೆ ಹೋಗು ಭಾವ! ಹಿಂದಕ್ಕೆ!"

ಪ್ರೊಕೋಪಿ ಕದಲಲಿಲ್ಲ. ಕೆಳಗೆ ಮಂಜುಗಡ್ಡೆ ದೀರ್ಘವಾಗಿ ನರಳಿತು.

"ನೀನು ಮುಳುಗಿದ್ರೆ ನಮ್ಮಕ್ಕನ್ನ ಮನೆಗೆ ತರೋರು ಯಾರಯ್ಯಾ?" ಎಂದು ದ್ಯುಲುಸ್ ಅಳುತ್ತ ಕಿರುಚಿದ.

ಪ್ರೊಕೋಪಿ ಗೇರು ಬದಲಿಸಿ, ಬಂದ ಜಾಡಿನಲ್ಲೇ ಹಿಂದೆ ಸರಿದ.

ಆ ವಾರವೇ ಮಾತ್ರ್ಯೋನಾ ತೀರಿಕೊಂಡಳು. ಬೆಳಿಗ್ಗೆ ಚಹಾ ಕೇಳಿದಳಂತೆ, ತಂದುಕೊಡುವಷ್ಟರಲ್ಲಿ ಹೋಗಿದ್ದಳಂತೆ. ಫೋನು ಮಾಡಿದ ನರ್ಸನ್ನು ಪ್ರೊಕೋಪಿ ಕೇಳಿದ್ದು ಒಂದೇ ಪ್ರಶ್ನೆ: "ಚಹಾಕ್ಕೆ ಹಾಲು ಹಾಕಿದ್ರಾ?"

ದಾರಿ ತೆರೆದ ದಿನ ಮೊದಲು ದಾಟಿದವನು ಅವನೇ. ಹಿಂದಿನ ಸೀಟನ್ನು ಮಡಚಿ ಶವದ ಪೆಟ್ಟಿಗೆ ಇಟ್ಟುಕೊಂಡು ಮರಳುವಾಗ ಹೀಟರು ಹಾಕುವಂತಿರಲಿಲ್ಲ. ಅವನೂ ಜೊತೆಗೆ ಬಂದಿದ್ದ ದ್ಯುಲುಸನೂ ತುಪ್ಪಳದ ಕೋಟು ತೊಟ್ಟು ಕೂತಿದ್ದರು. ಅವರ ಉಸಿರು ಗಾಜಿನ ಒಳಮೈಗೆ ಹೆಪ್ಪುಗಟ್ಟುತ್ತಿತ್ತು, ದ್ಯುಲುಸ್ ಕೆರೆದು ಕೆರೆದು ತೆಗೆಯುತ್ತಿದ್ದ.

ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿದ್ದ ನೆಲವನ್ನು ಬೆಂಕಿಯಿಂದ ಕರಗಿಸದೆ ಗುಂಡಿ ತೋಡುವಂತಿರಲಿಲ್ಲ. ಸ್ಮಶಾನದಲ್ಲಿ ಹಗಲೆಲ್ಲ ಸೌದೆ ಉರಿಸಿದರು. ಬೆಂಕಿಯ ಮುಂದೆ ಪ್ರೊಕೋಪಿ ಮೊದಲ ಸಲ ಆ ಮಾತು ಎತ್ತಿದ.

"ಅವತ್ತು ದೋಣೀಲಿ ಸೀಟು ಹಿಡಿದಿದ್ದೆಯಲ್ಲ ನೀನು."

"ಅಕ್ಕನೇ ಬೇಡ ಅಂದ್ಲಲ್ಲ ಭಾವ."

"ಬೇಡ ಅಂದ್ಲು. ಅವಳು ಬೇಡ ಅಂದಿದ್ದಕ್ಕೆಲ್ಲ ನಾನು ಯಾವತ್ತು ಹೂಂ ಅಂದಿದ್ದೆ? ಕುಡೀಬೇಡ ಅಂದ್ರೆ ಕುಡಿದೆ. ಗಣಿಗೆ ಹೋಗ್ಬೇಡ ಅಂದ್ರೆ ಹೋದೆ. ಇದೊಂದಕ್ಕೆ ಹೂಂ ಅಂದೆ." ಅವನು ಕೆಂಡವನ್ನೇ ನೋಡುತ್ತಿದ್ದ. "ಒಂದು ಲೋಟ ಚಹಾ ನಾನು ಕೊಡಬಹುದಿತ್ತು ಕಣೋ."

ಬೆಂಕಿ ಇಳಿದ ಮೇಲೆ ಕೆಂಡ ಸರಿಸಿ ಗುದ್ದಲಿ ಹಾಕಿದರು. ನೆಲ ಒಂದು ಗೇಣು ಮಾತ್ರ ಸಡಿಲವಾಗಿತ್ತು, ಅದರ ಕೆಳಗೆ ಮತ್ತೆ ಕಲ್ಲು. ಪ್ರೊಕೋಪಿ ಆ ಗೇಣು ಮಣ್ಣನ್ನು ಎತ್ತಿ ಹಾಕಿ, ಗುಂಡಿಯೊಳಗೆ ಹೊಸದಾಗಿ ಸೌದೆ ಒಟ್ಟತೊಡಗಿದ.