ನೆಲಕ್ಕೆ ತಾಗದ ನೂಲು

ಇಚಲಕರಂಜಿಯ ಕೈಮಗ್ಗದ ಓಣಿಯಲ್ಲಿ, ಗೂಟಗಳ ನಡುವೆ ಉದ್ದಕ್ಕೆ ಎಳೆದು ಕಟ್ಟಿದ್ದ ನೂಲಿಗೆ ಚೆನ್ನವ್ವ ಗಂಜಿ ಸವರುತ್ತಿದ್ದಳು. ಕೈ ಕುಂಚದ ಮೇಲಿತ್ತು, ಕಣ್ಣು ಮಗಳ ಮೇಲೆ. ಐದು ವರ್ಷದ ಹಾಲವ್ವ ಬಾಗಿಲ ಮುಂದೆ ಗೋಣಿಯ ಮೇಲೆ, ಗೋಡೆಗೊರಗಿ ಕೂತಿದ್ದಳು. ಮಳೆಗಾಲದ ಜ್ವರ ಬಿಟ್ಟು ಎಷ್ಟೋ ದಿನವಾದರೂ ಹುಡುಗಿ ಎದ್ದು ನಿಂತಿರಲಿಲ್ಲ. ಕಾಲಲ್ಲಿ ದೋಷವಿಲ್ಲ, ಅಂಜಿಕೆ ಹೋಗಿ ಕಸುವು ಬರಬೇಕು ಎಂದಿದ್ದರು ವೈದ್ಯರು.

ಕೊಲ್ಲಾಪುರದ ಗಿರಣಿಗೆ ದುಡಿಯಲು ಹೋದ ಗಂಡ ದುಂಡಪ್ಪ, 'ಹಾಲವ್ವ ನಡಿಯಾಕತ್ತಾಳೇನು?' ಎಂದು ಬರೆದು ಕೇಳಿದ್ದ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತಿದ್ದ ಚೆನ್ನವ್ವ ಉತ್ತರ ಶುರುಮಾಡಿದ್ದಳು. 'ನಾವೆಲ್ಲ ಆರಾಮ' ಎಂಬಲ್ಲಿಗೆ ನಿಂತ ಅಂಚೆಕಾರ್ಡು ದೀಪದ ಗೂಡಿನಲ್ಲಿ ಮಸಿ ಹಿಡಿಯುತ್ತಿತ್ತು. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆಯಲು ಕೈ ಏಳದು.

ಎದುರುಮನೆಯ ಮುದುಕಿ ಬಾಳಕ್ಕ ಓಣಿಯ ಮಕ್ಕಳನ್ನು ಕಲೆಹಾಕಿದ್ದಳು. ಮಕ್ಕಳ ಮೈ ಗಟ್ಟಿಮಾಡುವುದೆಂದರೆ ಆಕೆಗೆ ಆಟವಾಡಿಸುವುದು. ಒಮ್ಮೆ ಎತ್ತು ಮಾಡಿ ಜೋಳದ ದಂಟಿನ ಗಾಡಿ ಎಳೆಸುವಳು, ಒಮ್ಮೆ ಕೊಕ್ಕರೆ ಮಾಡಿ ಒಂಟಿಗಾಲಲ್ಲಿ ನಿಲ್ಲಿಸುವಳು. ಸಾಮಾನು ಮಾತ್ರ ಮಕ್ಕಳೇ ಮಾಡಬೇಕು. ಇಂದು ಅವರು ಹರಕು ನೂಲು ಗಂಟುಹಾಕಿ, ದಂಟಿನ ಕುಂಚ ಮಾಡಿಕೊಂಡಿದ್ದರು.

"ಹಾಲವ್ವ ಮಾಲಕರ, ಈ ತುದಿ ನೀವು ಹಿಡೀರಿ. ಸಾವಕಾರ್ರು ಕೂತೇ ಇರ್ತಾರ!" ನೂಲಿನ ಇನ್ನೊಂದು ತುದಿ ಹಿಡಿದ ಬಾಳಕ್ಕ ಹೇಳಿದಳು.

ಹಾಲವ್ವ ನಕ್ಕು ಹಿಡಿದಳು. ಮಕ್ಕಳು ಓಡಾಡುತ್ತ ಸುಳ್ಳುಸುಳ್ಳೇ ಗಂಜಿ ಸವರಿದರು. ಅಷ್ಟರಲ್ಲಿ ಬಾಳಕ್ಕ ತನ್ನ ತುದಿಯನ್ನು ಮೆಲ್ಲಗೆ ಸಡಿಲಬಿಟ್ಟಳು. ನೂಲು ಜೋತು ಮಣ್ಣಿನತ್ತ ಇಳಿಯಿತು.

ಗಂಜಿಯ ನೂಲಿಗೆ ಮಣ್ಣು ಹತ್ತಿದರೆ ಕೆಟ್ಟಿತು. ಆ ಓಣಿಯ ಕೂಸುಗಳು ಮಾತಿಗಿಂತ ಮೊದಲು ಇದನ್ನು ಕಲಿಯುತ್ತವೆ. ಚೆನ್ನವ್ವ ಕೂಡ ಕುಂಚ ಬಿಟ್ಟು ಧಾವಿಸಿದಳು.

"ಅಲ್ಲೇ ನಿಂದರ! ನಿನ್ನ ನೂಲಲ್ಲ ಅದು," ಬಾಳಕ್ಕ ಗದರಿದಳು.

"ಏ ಆಯಿ, ನೂಲು ಬೀಳಾಕತ್ತೈತಿ!" ಹಾಲವ್ವ ಮುದುಕಿಯತ್ತ ಚೀರಿದಳು.

"ಮುದಕಿ ಕೈಯಾಗ ಕಸುವೆಲ್ಲೈತ್ರಿ ಮಾಲಕರ? ನೀವೇ ಎಳಕೋರಿ."

ಕೂತಲ್ಲಿಂದ ಎಳೆದಳು, ಸಾಲಲಿಲ್ಲ. ಗೋಡೆ ಹಿಡಿದಳು. ಮೊಣಕಾಲು ನಡುಗಿತು, ಆದರೂ ನೂಲನ್ನು ಎತ್ತಿ ಹಿಡಿದು ಎದ್ದು ನಿಂತಳು. ಬಾಳಕ್ಕ ಇನ್ನಷ್ಟು ಬಿಟ್ಟಳು. ಹುಡುಗಿ ಗೋಡೆಗುಂಟ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

"ಭಾಳ ಜುಲುಮಿನ ಮಾಲಕರವ್ವಾ ಇವರು!" ಎಂದು ಬಾಳಕ್ಕ ಗೊಣಗಿದಳು. ಅವಳ ಕಣ್ಣು ಮಾತ್ರ ಆ ಪುಟ್ಟ ಪಾದಗಳನ್ನು ಬಿಟ್ಟು ಕದಲಲಿಲ್ಲ.

ಚೆನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಅತ್ತು ಕರದರೂ ಏಳಲಿಲ್ಲರಿ. ನಿಮಗ ಹ್ಯಾಂಗ ತಿಳೀತು, ಬಾಳಕ್ಕ?"

"ನೀ ಕರದರ, ಅಕೀನ ಎತ್ತಿಕೊಳ್ಳಾಕ ನಿನ್ನ ಸೊಂಟ ಐತಿ. ನೂಲು ಎತ್ತಾಕ ಅಕೀನೇ ಏಳಬೇಕಲ್ಲ?"

ಹಾಲವ್ವ ಓಣಿ ದಾಟುವಷ್ಟು ಗಟ್ಟಿಯಾದ ದಿನ, ಚೆನ್ನವ್ವ ಮಸಿ ಒರೆಸಿ ಕಾರ್ಡು ಮುಗಿಸಿದಳು: 'ನಿಮ್ಮ ಮಗಳು ನಡೀತಾಳ. ಇದನ್ನ ಪೆಟ್ಟಿಗಿಗೆ ಹಾಕಾಕ ಅಕೀನೇ ಹೊಂಟಾಳ.'

ಅಂಚೆಪೆಟ್ಟಿಗೆಯ ಬಾಯಿ ಎತ್ತರದಲ್ಲಿತ್ತು. ಮಗಳನ್ನು ಎತ್ತಲು ಚಾಚಿದ ಕೈಯನ್ನು ಚೆನ್ನವ್ವ ಹಿಂದಕ್ಕೆ ತೆಗೆದುಕೊಂಡಳು. ಹಾಲವ್ವ ತುದಿಗಾಲಲ್ಲಿ ನಿಂತು ಕಾರ್ಡನ್ನು ಒಳಗೆ ತೂರಿಸಿದಳು.