ಮೃಗದ ಬಾಯಲ್ಲಿ ಭಾಗ್ಯ

ಬೀದಿಯಲ್ಲಿ ಮಕ್ಕಳು ಮತ್ತೆ ಆ ಸಿನಿಮಾ ಮೃಗದ ಹಾಗೆ ಕೂಗಿದರು. ಪಂಪಾವತಿ ರೊಟ್ಟಿಯ ಹಿಟ್ಟು ಬಿಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಎರ್ರೆಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ಯಾರ ಮನ್ಯಾಗ ಸಾವಾತಬೇ?"

"ಯಾರ ಮನ್ಯಾಗೂ ಇಲ್ಲತ್ತಿ. ಹುಡುಗ್ರು ಸಿನಿಮಾ ಆಟ ಆಡಾಕ ಹತ್ಯಾವ. ಒಳಗ ಬರ್ರಿ."

"ಸಿನಿಮಾ ಆಟ ಅಂತ! ಇದು ಹಾಡ್ಯಾಡಿ ಅಳೋ ದನಿ ಐತಿ."

ಅದು ಯಾರ ದನಿಯೆಂದು ಪಂಪಾವತಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಅದನ್ನು ಅತ್ತೆಗೆ ಹೇಳದೆ ಮುಚ್ಚಿಟ್ಟಿದ್ದಳು.

ಹದಿನೈದು ವರ್ಷದಿಂದ ಒಂದರ ಬೆನ್ನಿಗೆ ಒಂದು ಬರುತ್ತಿರುವ 'ಕೆಂಗೋಳ' ಸಿನಿಮಾಗಳೆಂದರೆ ಹೊಸಪೇಟೆಯವರಿಗೆ ಮನೆಯ ಮಾತು. ಸಂಡೂರಿನ ಕೆಂಪು ಗಣಿಗುಂಡಿಯೇ ಅವುಗಳಲ್ಲಿ ದೂರದ ಗ್ರಹ, ಸುತ್ತಲಿನ ಊರುಗಳ ಜನರೇ ಅಲ್ಲಿಯ ಆಳುಗಳು. ಕಬ್ಬಿಣದ ತೋಳಿನ ನಾಯಕ ಪ್ರತಿ ಭಾಗದಲ್ಲೂ ಬಂದು ಗ್ರಹವನ್ನು ಉಳಿಸುತ್ತಾನೆ. ಆಳುಗಳು ಪ್ರತಿ ಭಾಗದಲ್ಲೂ ಸಾಯುತ್ತಾರೆ. ಆರನೆಯ ಭಾಗಕ್ಕೆ ಹೆಣದ ಮುಂದೆ ಅಳುವ ಹೆಂಗಸರು ಬೇಕಾಗಿ, ಕಂಪನಿಗೆ ಜನ ಹೊಂದಿಸಿಕೊಡುವ ಇದೇ ಓಣಿಯ ಕಿರಣ್ ಕುಮಾರ್ ಎರ್ರೆಮ್ಮನನ್ನು ಕರೆದೊಯ್ದಿದ್ದ. ಮೇಕಪ್ಪಿನವ ಮುದುಕಿಯ ಮುಖ ನೋಡಿ, "ಇವರಿಗೇನೂ ಹಚ್ಚಬೇಡಿ, ಹುಟ್ಟಿದ್ದೇ ಆ ಗ್ರಹದಲ್ಲಿ" ಎಂದು ನಕ್ಕಿದ್ದನಂತೆ.

ನಮ್ಮ ಕಡೆ ಸುಮ್ಮನೆ ಅಳುವ ಪದ್ಧತಿಯಿಲ್ಲ. ಸತ್ತವರ ಹೆಸರು ಹಿಡಿದು, ಅವರು ಉಂಡದ್ದು ಉಟ್ಟದ್ದು ನೆನೆದು, ಹಾಡಿ ಅಳಬೇಕು. ಬದುಕಿರುವವರ ಹೆಸರು ಹಿಡಿದರೆ ಅವರ ಆಯುಷ್ಯಕ್ಕೆ ಕುತ್ತು. ಕ್ಯಾಮೆರಾದ ಮುಂದೆ ಮಲಗಿದ್ದದ್ದು ಮಧ್ಯಾಹ್ನ ಎದ್ದು ಅನ್ನ ಸಾರು ಉಣ್ಣುವ ಹೆಣ. ಅದರ ಹೆಸರು ಹಿಡಿಯುವುದು ಹೇಗೆ? ಎರ್ರೆಮ್ಮ ಕಣ್ಣು ಮುಚ್ಚಿ, ಕಂಪ್ಲಿಗೆ ಕೊಟ್ಟಿದ್ದ, ಬಾಣಂತಿಯಾಗಿದ್ದಾಗಲೇ ಮಣ್ಣಾದ ತನ್ನ ಮಗಳ ಹೆಸರು ಹಿಡಿದಿದ್ದಳು. "ಹೊಳಿ ದಂಡಿ ಊರಂತ ಕೊಟ್ಟೆನವ್ವ, ನೀರಿಗೆ ದೂರ ನಡೀಬಾರದಂತ ಕೊಟ್ಟೆನವ್ವ, ಭಾಗ್ಯಾ..."

ನಾಲ್ಕು ತಿಂಗಳ ಹಿಂದೆ ಆ ಸಿನಿಮಾ ಬಂದಾಗ ಪಂಪಾವತಿ ಮಗಳು ಅಂಜಲಿಯನ್ನು ಕರೆದುಕೊಂಡು ಹೋಗಿದ್ದಳು. ಕತ್ತಲಲ್ಲಿ ಕೂರಲಾರೆನೆಂದು ಮುದುಕಿ ಬಂದಿರಲಿಲ್ಲ. ಅಳುವ ದೃಶ್ಯವೇ ಇರಲಿಲ್ಲ, ಕತ್ತರಿಸಿದ್ದರು. ಆದರೆ ಗುಂಡಿಯಿಂದ ಮನೆಯೆತ್ತರದ ಕಬ್ಬಿಣದ ಮೃಗ ಎದ್ದು ಬಾಯಿ ತೆರೆದಾಗ ಅಂಜಲಿ ತಾಯಿಯ ಸೆರಗು ಜಗ್ಗಿದಳು. "ಯವ್ವಾ, ಇದು ಅಜ್ಜಿ ದನಿ." ದನಿಯನ್ನು ಎಳೆದು, ದಪ್ಪ ಮಾಡಿ, ಅದರ ಕೆಳಗೆ ಗುಡುಗು ಸೇರಿಸಿದ್ದರು. ಆದರೂ ಹೆಸರಿಗೆ ಮುಂಚೆ ಎರ್ರೆಮ್ಮ ಎಳೆದುಕೊಳ್ಳುವ ಬಿಕ್ಕು ಹಾಗೇ ಇತ್ತು. ಅದರ ಹಿಂದೆ ಭಾಗ್ಯಳ ಹೆಸರೂ. ಸುತ್ತಲಿನವರು ಸೀಟಿ ಹೊಡೆದರು. ಪಂಪಾವತಿಗೆ ಎದ್ದು ಆ ಪರದೆಯನ್ನೇ ಹರಿಯಬೇಕೆನಿಸಿತು.

ಈಗ ಬೀದಿಯಲ್ಲಿ ಮಕ್ಕಳು ಕೂಗಿದ ದಿನದ ಮಧ್ಯಾಹ್ನವೇ ಕಿರಣ್ ಕುಮಾರ್ ಹಲ್ಲು ಕಿರಿಯುತ್ತ ಬಂದ.

"ಅಕ್ಕಾರ, ಏಳನೇ ಭಾಗ ಶುರು ಆಗೈತಿ. ಈ ಸಲ ಮೃಗ ಸಾಯ್ತೈತಿ. ಸಾಯೋ ಕೂಗು ಅಜ್ಜಿ ದನೀಲೇ ಬೇಕಂತ. ನಾಳೆ ಗಾಡಿ ಕಳಸ್ತಾರ."

"ನಾಚ್ಕಿ ಬರಂಗಿಲ್ಲೇನಲೇ ನಿನಗ? ಭಾಗ್ಯಳ ಮದುವ್ಯಾಗ ಮೂರು ಸಲ ಹೋಳಿಗಿ ಹಾಕಿಸ್ಕೊಂಡಾವ ನೀ. ಆಕಿ ಹೆಸರು ಗುರುತು ಹತ್ತಲಿಲ್ಲ?"

"ನನಗೇನ್ ಗೊತ್ರೀ, ಎಲ್ಲಾ ಮಷಿನ್ನಾಗ ಹಾಕಿ ತಿರುವ್ತಾರ. ಅಜ್ಜಿ ಹೆಬ್ಬಟ್ಟು ಒತ್ಯಾಳ ಅಕ್ಕಾರ. ದನಿ ಈಗ ಕಂಪನೀದು."

"ದನಿ ಕಂಪನೀದು. ಹೊಟ್ಟಿ ಸಂಕಟ ಯಾರ್ದಲೇ?"

ಜೋಳ ಕೇರುತ್ತಿದ್ದ ಎರ್ರೆಮ್ಮನ ಮೊರ ನಿಂತಿತು. "ಯಾವ ಮೃಗ? ಭಾಗ್ಯಳ ಹೆಸರು ಯಾಕ ಬಂತು?"

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಪಂಪಾವತಿ ಅತ್ತೆಯ ಪಕ್ಕ ಕುಳಿತು, ಮಗುವಿಗೆ ಕಹಿ ಔಷಧಿ ಕುಡಿಸುವ ಹಾಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮುದುಕಿ ಉಳಿದ ಜೋಳವನ್ನೆಲ್ಲ ಕೇರಿ, ಹೊಟ್ಟು ತೂರಿ, ಕೊನೆಗೆ ಕೇಳಿದಳು: "ನಾಳೆ ಗಾಡಿ ಎಷ್ಟೊತ್ತಿಗೆ ಬರ್ತೈತಿ?"

"ಅತ್ತಿ! ಅವ್ರಿಗೆ ಮತ್ತ ಅಳತೀರೇನು?"

"ಅಳತೀನಂದ್ನೇನು? ಹೋಗಾಣು ಅಂದೆ. ನೀನೂ ಬಾ."

ಮರುದಿನ ಸಂಡೂರಿನ ಗುಂಡಿಯಲ್ಲಿ ಪೂಜೆ ಮುಗಿದಿತ್ತು. ಕ್ಯಾಮೆರಾದ ಮುಂದೆ ತೆಂಗಿನಕಾಯಿ ಒಡೆದಿದ್ದರು. ಬೇರೆ ಗ್ರಹಕ್ಕೆ ಹಾರುವ ರಾಕೆಟ್ಟಿನ ಮೂತಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ನಿರ್ದೇಶಕ ಕೈಮುಗಿದು ಎರ್ರೆಮ್ಮನ ಮುಂದೆ ಮೈಕು ಇಡಿಸಿದ.

"ಅಮ್ಮಾ, ಹೋದ ಸಲದ ಥರಾನೇ. ಇನ್ನೂ ಸ್ವಲ್ಪ ಜೋರಾಗಿರಲಿ. ಮೃಗ ಸಾಯ್ತಾ ಇದೆ."

"ಅದರ ಹೆಸರೇನ್ರಿ?"

"ಮೃಗಕ್ಕೆಲ್ಲ ಹೆಸರಿಲ್ಲಮ್ಮ."

"ಹೆಸರಿಲ್ದ ಅಳಾಕ ಬರಂಗಿಲ್ರಿ ನಮಗ. ಯಾರ್ದಾರ ಒಂದು ಬೇಕು. ನಿಮ್ಮ ಹೆಸರೇನು?"

ನಿರ್ದೇಶಕ ನಗುತ್ತ ಬಾಯಿ ತೆರೆದ. ಕಿರಣ್ ಕುಮಾರ್ ಅಡ್ಡ ಬಂದ. "ಸಾರ್, ಹೇಳಬ್ಯಾಡ್ರಿ!" ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ. ನಿರ್ದೇಶಕನ ನಗು ಇಳಿಯಿತು. ಕೈ ತಾನಾಗಿ ಮುಂಗೈಯ ಕೆಂಪು ದಾರಕ್ಕೆ ಹೋಯಿತು.

"ಹಂಗಾರ ಕಿರಣಂದು ಹಿಡೀಲೇನು?"

"ಯಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ, ನಂದು ಬ್ಯಾಡಬೇ! ನಮ್ಮವ್ವಗ ನಾನೊಬ್ಬನ ಮಗ."

"ಆ ಕಬ್ಬಿಣದ ತೋಳಿನವ್ರದು?"

ಕೊಡೆಯ ಕೆಳಗೆ ಎಳನೀರು ಕುಡಿಯುತ್ತಿದ್ದ ನಾಯಕ ಎಳನೀರನ್ನು ಅಲ್ಲೇ ಬಿಟ್ಟು, ವ್ಯಾನು ಹತ್ತಿ ಬಾಗಿಲು ಹಾಕಿಕೊಂಡ.

ಪಂಪಾವತಿಗೆ ಅತ್ತೆ ಯಾಕೆ ಬಂದಳೆಂದು ಆಗ ತಿಳಿಯಿತು. ಜನರ ಮುಂದೆ ಎಂದೂ ದನಿಯೆತ್ತದ ಸೊಸೆ, ನಿರ್ದೇಶಕನ ಎದುರು ಹೋಗಿ ನಿಂತಳು.

"ನೋಡ್ರಿ ಸರ್. ಆರು ಸಿನಿಮಾದಾಗ ನಮ್ಮ ಜನರನ್ನ ಸಾಯಿಸೀರಿ, ಆಟ ಅಂದ್ವಿ. ಆಟಕ್ಕ ನಿಮ್ಮ ಹೆಸರು ಹಿಡೀತೀವಿ ಅಂದ್ರ ಬೆವರ್ತೀರಿ. ಮತ್ತ ನಮ್ಮ ಭಾಗ್ಯಳ ಹೆಸರು ಮೃಗದ ಬಾಯಾಗ ಇರಬಹುದೇನ್ರಿ? ನಿಮಗೂ ಹಡೆದಾಕಿ ಒಬ್ಬಾಕಿ ಇಲ್ಲೇನು?"

"ನಮಗೆ ಗೊತ್ತಿರಲಿಲ್ಲಮ್ಮ. ಆದರೆ ಆ ಕೂಗಿಗೇ ಜನ ಬರ್ತಾರೆ, ಈಗ ತೆಗೆಯೋಕೆ..."

ಎರ್ರೆಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಮೈಕಿನ ಮುಂದೆ ಮಂಡಿಯೂರಿ ಕುಳಿತಳು. ಬಿಕ್ಕು ಎಳೆದುಕೊಂಡಳು. ಬಿಕ್ಕಿನ ಹಿಂದೆ ಒಂದು ಹೆಸರು ಬರುವುದೆಂದು ಅಲ್ಲಿದ್ದ ಎಲ್ಲರಿಗೂ ಈಗ ಗೊತ್ತಿತ್ತು. ದೀಪ ಹಿಡಿದಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಬೇಡಮ್ಮಾ, ಬೇಡ!" ನಿರ್ದೇಶಕ ತಾನೇ ಮೈಕು ಕಿತ್ತುಕೊಂಡ. "ತೆಗೀತೀವಿ. ಏಳರಲ್ಲಿ ಆ ದನಿ ಇರಲ್ಲ."

"ಬರದು ಸಹಿ ಹಾಕಿ ಕೊಡ್ರಿ," ಅಂದಳು ಪಂಪಾವತಿ. "ನಮ್ಮತ್ತಿ ಹೆಬ್ಬಟ್ಟು ನೀವು ಇಸ್ಕೊಂಡಿಲ್ಲೇನು, ಹಂಗ."

ಬರೆದುಕೊಟ್ಟ. ಪಂಪಾವತಿ ಎರಡು ಸಲ ಓದಿಕೊಂಡಳು.

"ಆರರಾಗಿಂದು?"

"ಅದು ಜನರ ಕೈಗೆ ಹೋಗಿಬಿಟ್ಟಿದೆಯಮ್ಮ. ನನ್ನ ಕೈಲಿಲ್ಲ."

ಕಂಪನಿಯ ಗಾಡಿ ಬೇಡವೆಂದು ಇಬ್ಬರೂ ಹೊಸಪೇಟೆಯ ಬಸ್ಸು ಹತ್ತಿದರು. ಕಾಗದ ಪಂಪಾವತಿಯ ಕುಪ್ಪಸದೊಳಗಿತ್ತು, ಸಿಟ್ಟು ಮಾತ್ರ ಎಲ್ಲೂ ಹಿಡಿಸಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಸೀಟಿನಲ್ಲಿ, ಪಾಳಿ ಮುಗಿಸಿ ಬಂದಿದ್ದ ಕೆಲಸಗಾರನ ಜೇಬಿನಲ್ಲಿ ಫೋನು ಮೃಗದ ಹಾಗೆ ಕೂಗಿತು.

ಎರ್ರೆಮ್ಮ ಅದನ್ನು ಮೊದಲ ಸಲ ಪೂರ್ತಿ ಕೇಳಿಸಿಕೊಂಡಳು. ಕಂಬಿ ಹಿಡಿದು ಎದ್ದು, ಅವನ ಭುಜ ಮುಟ್ಟಿದಳು.

"ಯಪ್ಪಾ, ಅದು ನನ್ನ ಮಗಳ ಹೆಸರು. ಭಾಗ್ಯ ಅಂತ. ಕಂಪ್ಲಿಗೆ ಕೊಟ್ಟಿದ್ವಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಮುದುಕಿಯ ಮುಖ ನೋಡಿ, ಯಾರ ಕರೆಯೆಂದೂ ನೋಡದೆ ಫೋನು ಆರಿಸಿದ.

ಹಿಂದಿನ ಸೀಟಿನಲ್ಲಿ ಇನ್ನೊಂದು ಕೂಗಿತು. ಈ ಸಲ ಪಂಪಾವತಿ ಎದ್ದಳು.