ಆರನೇ ವರ್ಷದ ಹಲ್ಲು

ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಪಾಳಿ ಮುಗಿಸಿ ನಾಗಮಣಿ ಮನೆ ಸೇರುವ ಹೊತ್ತಿಗೆ, ಮಗಳ ಹಲ್ಲು ಸಗಣಿಯುಂಡೆಯೊಳಗೆ ಕೂತು ಮನೆಯ ಶೀಟಿನ ಮೇಲೆ ಬಿದ್ದಾಗಿತ್ತು. ಎಂಟು ವರ್ಷದ ಮಂಜುಶ್ರೀ ಹತ್ತಿ ಕಚ್ಚಿಕೊಂಡು ಜಗಲಿಯ ಮೇಲಿದ್ದಳು. ಫ್ರಾಕಿನ ಎದೆಯ ಮೇಲೆ ರಕ್ತ ಒಣಗಿತ್ತು.

ಅತ್ತೆ ಪಟ್ಟಲಮ್ಮ ಸಂತೋಷದಿಂದಲೇ ಸುದ್ದಿ ಹೇಳಿದಳು. ಮೈಸೂರಿನ ಯಾವುದೋ ಖಾಸಗಿ ಕಾಲೇಜಿನ ಹಲ್ಲಿನ ಡಾಕ್ಟರುಗಳು ದೊಡ್ಡ ಬಸ್ಸಿನಲ್ಲಿ ಇಸ್ಕೂಲಿಗೆ ಬಂದಿದ್ದರಂತೆ. ಎಡಗಡೆಯ ಹುಳುಕು ಹಲ್ಲನ್ನು ಪುಕ್ಕಟೆಯಾಗಿ ಕಿತ್ತರಂತೆ. ಬಲಗಡೆಯದನ್ನು ಸೋಮವಾರ ಕೀಳುವುದಕ್ಕೆಂದು ಒಂದು ಗುಲಾಬಿ ಕಾರ್ಡನ್ನೂ ಕೊಟ್ಟಿದ್ದರಂತೆ. ಹಲ್ಲು ಬಿದ್ದಾಗ ಈ ಬೀದಿಯವರೆಲ್ಲ ಮಾಡುವಂತೆ ಅದನ್ನು ಸಗಣಿಯಲ್ಲಿಟ್ಟು, ಹೊಸದು ಬೇಗ ಬರಲಿ ಎಂದು ಕೇಳಿಕೊಂಡು, ಅವಳೇ ಮೇಲಕ್ಕೆ ಎಸೆದಿದ್ದಳು.

"ಒಂದ್ ಅಲ್ಲೋದ್ರೆ ಇನ್ನೊಂದ್ ಬತ್ತದೆ ಬುಡು. ಮಕ್ಳ ಅಲ್ಲಲ್ವಾ" ಎಂದಳು ಪಟ್ಟಲಮ್ಮ.

ನಾಗಮಣಿಗೆ ಸಮಾಧಾನವಾಗಲಿಲ್ಲ. ಈ ಹಲ್ಲು ಬಂದದ್ದು ಅವಳಿಗೆ ನೆನಪಿತ್ತು. ಮಗುವಿಗೆ ಆರು ತುಂಬಿದ ವರ್ಷ, ಎಲ್ಲ ಹಲ್ಲುಗಳ ಹಿಂದೆ, ಬರಿಯ ವಸಡನ್ನು ಸೀಳಿಕೊಂಡು ಬಂದಿತ್ತು. ಅದಕ್ಕೆ ಜಾಗ ಕೊಡಲು ಯಾವ ಹಲ್ಲೂ ಬಿದ್ದಿರಲಿಲ್ಲ. ಹಾಗಿದ್ದ ಮೇಲೆ ಇದು ಹಾಲುಹಲ್ಲು ಹೇಗಾಯಿತು?

ಪಕ್ಕದ ಮನೆಯ ಏಣಿ ತಂದು ಶೀಟು ಹತ್ತಿದಳು. ಅಲ್ಲಿ ಎರಡು ಉಂಡೆಗಳಿದ್ದವು. ಹೋದ ತಿಂಗಳ ಒಣಗಿದ ಉಂಡೆಯನ್ನು ಒಡೆದರೆ ಅಕ್ಕಿನುಚ್ಚಿನಷ್ಟು ಹಲ್ಲು, ಬೇರೇ ಇಲ್ಲ. ಇವತ್ತಿನ ಹಸಿ ಉಂಡೆಯೊಳಗಿದ್ದದ್ದು ಹೆಬ್ಬೆರಳ ಉಗುರಿನಷ್ಟು ಅಗಲ. ಕೆಳಗೆ ಎರಡು ಉದ್ದನೆಯ ಬೇರು, ಬೇರಿಗೆ ಅಂಟಿದ ಮಾಂಸ. ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಇಳಿದಳು.

ಶನಿವಾರ ರಜೆ ಹಾಕಿ ಮಗಳನ್ನು ಮದ್ದೂರಿಗೆ ಕರೆದುಕೊಂಡು ಹೋದಳು. ಹೆದ್ದಾರಿಯ ಪಕ್ಕದ ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶಶಿರೇಖಾ ಹಲ್ಲನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಯಾರು ಕಿತ್ತರೆಂದು ಕೇಳಿದರು. ಉತ್ತರ ಕೇಳಿ ಹಲ್ಲನ್ನು ಹತ್ತಿಯ ಮೇಲಿಟ್ಟರು.

"ಇದು ಹಾಲುಹಲ್ಲಲ್ಲಮ್ಮ. ಸಾಯೋವರೆಗೂ ಇರಬೇಕಾದ ಹಲ್ಲು. ಯಾವ ಹಲ್ಲೂ ಬೀಳದೆ ಹಿಂದುಗಡೆ ಬರೋದ್ರಿಂದ ಮನೆಯೋರಿಗೆ ಗೊತ್ತಾಗಲ್ಲ. ಡಾಕ್ಟ್ರಿಗೆ ಗೊತ್ತಾಗುತ್ತೆ."

ಆ ಜಾಗದಲ್ಲಿ ಇನ್ನೊಂದು ಬರುವುದಿಲ್ಲ, ಪಕ್ಕದ ಹಲ್ಲುಗಳು ಆ ಸಂದಿಗೆ ವಾಲುತ್ತವೆ ಎಂದರು. ಕಿತ್ತದ್ದರ ಹುಳುಕು ಬೇರಿನವರೆಗೆ ಇಳಿದಿರಲಿಲ್ಲ, ಕೊರೆದು ತುಂಬಿದ್ದರೆ ಉಳಿಯುತ್ತಿತ್ತು. ಬಲಗಡೆಯದೂ ಹಾಗೆಯೇ ಇದೆ, ಅರ್ಧ ಗಂಟೆಯ ಕೆಲಸ. ಮೇಲ್ದವಡೆಯ ಅಂಥವೇ ಎರಡು ಹಲ್ಲುಗಳ ಗೀರುಗಳಿಗೆ ಈಗಲೇ ಲೇಪ ಹಾಕಿದರೆ ಅವು ಹುಳುಕಾಗುವುದೇ ಇಲ್ಲ. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಬಟಾಣಿಕಾಳಿನಷ್ಟು ಪೇಸ್ಟು, ಆರು ತಿಂಗಳಿಗೊಮ್ಮೆ ತೋರಿಸುವುದು, ಅಷ್ಟೇ. ನಾಗಮಣಿಯ ಬಾಯನ್ನೂ ತೆರೆಸಿ, ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತಲ್ಲ ಎಂದರು. ಎಲ್ಲರಿಗೂ ಬರುತ್ತೆ ಅಂದುಕೊಂಡಿದ್ದೆ ಎಂದಳು ಅವಳು. ಬರಬಾರದು, ಕಟ್ಟಿಕೊಂಡ ಪಾಚಿ ತೆಗೆಸಿದರೆ ನಿಲ್ಲುತ್ತೆ, ತೆಗೆಸಿದರೆ ಹಲ್ಲು ಸಡಿಲವಾಗುತ್ತೆ ಅನ್ನುವುದು ಸುಳ್ಳು ಎಂದರು.

ಮಂಜುಶ್ರೀಯ ಹಲ್ಲನ್ನು ಆಗಲೇ ತುಂಬಿಕೊಡಲು ಡಾಕ್ಟರು ತಯಾರಿದ್ದರು. ಆದರೆ ಸೋಮವಾರಕ್ಕೆಂದು ಗುಲಾಬಿ ಕಾರ್ಡು ಕೊಟ್ಟಿದ್ದು ಇವಳೊಬ್ಬಳಿಗಲ್ಲ. ಊರಾಚೆಯ ತಮ್ಮ ಕಾಲೋನಿಯ ಹನ್ನೊಂದು ಮಕ್ಕಳಿಗೆ ಅದೇ ಕಾರ್ಡು, ಹಲ್ಲಿನ ಚಿತ್ರದ ಮೇಲೆ ಅದೇ ಕೆಂಪು ಸುತ್ತು. ನಾಗಮಣಿ ಈಗ ಬೇಡವೆಂದು, ಆ ಬಸ್ಸಿನಲ್ಲಿ ಹಲ್ಲು ತುಂಬುವುದಕ್ಕಾಗುತ್ತದೆಯೇ ಎಂದು ಕೇಳಿದಳು.

"ನಾನೂ ಓದುವಾಗ ಅಂಥ ಬಸ್ಸಲ್ಲಿ ಕೆಲಸ ಮಾಡಿದೀನಿ. ಕುರ್ಚಿ, ಕೊರೆಯೋ ಮಷೀನು, ತುಂಬೋ ಸಾಮಾನು ಎಲ್ಲಾ ಇರುತ್ತೆ."

ಆ ಸಂಜೆ ಪುಷ್ಪಾ ಫೋನು ಮಾಡಿದಳು. ಗಾರ್ಮೆಂಟ್ಸಿನಲ್ಲಿ ನಾಗಮಣಿಯ ಪಕ್ಕದ ಮಷೀನಿನವಳು, ಮನೆ ಊರೊಳಗೆ. ಯಾಕೆ ಬರಲಿಲ್ಲವೆಂದು ಕೇಳಿದವಳು, ಕಾರಣ ಕೇಳಿ ದನಿ ತಗ್ಗಿಸಿದಳು. ಅವಳ ಮಗನದೂ ಅದೇ ಹಲ್ಲು. ಅವನಿಗೆ ಕೊಟ್ಟದ್ದು ನೀಲಿ ಕಾರ್ಡು. ಸೋಮವಾರ ಅದೇ ಬಸ್ಸಿನಲ್ಲಿ ತುಂಬುತ್ತಾರೆ. ಊರೊಳಗಿನ ಮಕ್ಕಳಿಗೆಲ್ಲ ನೀಲಿಯೇ.

"ಪೋಟ ಕಳಿಸ್ತೀನಿ. ನಾನ್ ಕೊಟ್ಟೆ ಅಂತ ಮಾತ್ರ ಯೋಳ್ಬೇಡ ಕಣಮ್ಮಿ."

ಫೋನಿಗೆ ಬಂದ ನೀಲಿ ಕಾರ್ಡನ್ನು ನಾಗಮಣಿ ತೆರೆದು ನೋಡಿದಳು. ಪಕ್ಕಪಕ್ಕದಲ್ಲಿ ಕೂತು ಒಂದೇ ಅಂಗಿಯ ಎಡತೋಳು ಇವಳು, ಬಲತೋಳು ಅವಳು ಹೊಲಿಯುತ್ತಾರೆ. ಮಕ್ಕಳ ಬಾಯಿಗೆ ಮಾತ್ರ ಎರಡು ಬಣ್ಣ.

ಭಾನುವಾರ ಅವಳು ಹತ್ತು ಮನೆಗಳ ಬಾಗಿಲಿಗೂ ಹೋದಳು. ಯಾರಿಗೂ ಹಲ್ಲು ಕೀಳಿಸುವುದರ ಬಗ್ಗೆ ತಕರಾರಿರಲಿಲ್ಲ. ಪುಕ್ಕಟೆ ಕೀಳುತ್ತಾರೆ, ನೋವು ಹೋಗುತ್ತದೆ, ಹೊಸದು ಬರುತ್ತದೆ. ಮೊಮ್ಮಗ ವಾರದಿಂದ ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಾನೆ, ಕಿತ್ತರೆ ಸಾಕು ಎಂದಳು ಮುದುಕಿ ಮರಿತಾಯಮ್ಮ. ನಾಗಮಣಿ ಸೆರಗು ಬಿಚ್ಚಿ ಎರಡೂ ಹಲ್ಲುಗಳನ್ನು ಅವಳ ಅಂಗೈಯಲ್ಲಿಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಮರಿತಾಯಮ್ಮ ಬೇರುಗಳ ಮೇಲೆ ಬೆರಳಾಡಿಸಿದಳು. ಅವಳ ಬಾಯಲ್ಲಿ ಮುಂದಿನ ಮೂರು ಹಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಮುದ್ದೆ ನುಂಗಕ್ಕೆ ಅಲ್ಲ್ಯಾಕೆ ಅಂದ್ಕೊಂಡೇ ನಲವತ್ತೊರ್ಸ ಕಳ್ದುಬುಟ್ಟೆ. ನಂದೂ ಇಂಗೇ ಕಿತ್ತಿದ್ದು. ಎಷ್ಟೊತ್ಗೆ ಓಗದು ನಾಳಿಕೆ?"

ಸೋಮವಾರ ಬಸ್ಸು ಇಸ್ಕೂಲಿನ ಅಂಗಳಕ್ಕೆ ಬಂದಾಗ ಹನ್ನೊಂದು ಮನೆಯ ಹೆಂಗಸರು ಮಕ್ಕಳ ಕೈ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಕಾರ್ಡು ತೆಗೆದುಕೊಳ್ಳುತ್ತಿದ್ದವಳು ಕುಸುಮ ಎಂಬ ಹುಡುಗಿ, ಓದು ಮುಗಿಸಿ ತರಬೇತಿಯಲ್ಲಿದ್ದ ಡಾಕ್ಟರು. ನಾಗಮಣಿ ಹಲ್ಲನ್ನು ಅವಳ ಮೇಜಿನ ಮೇಲಿಟ್ಟು, ಇದು ಹಾಲುಹಲ್ಲಾ ಎಂದು ಕೇಳಿದಳು. ಕುಸುಮ ಹಲ್ಲನ್ನು ಎತ್ತಿ ಬೇರಿನ ಮೇಲೆ ಬೆರಳಿಟ್ಟಳು. ಅವಳು ಹಿಂತಿರುಗಿ ಶಿಬಿರದ ಮುಖ್ಯಸ್ಥನನ್ನು ನೋಡಿದಳು.

ಅವನು ಇಳಿದು ಬಂದು ಇಂಗ್ಲಿಷು ಬೆರೆಸಿ ವಿವರಿಸಿದ. ತುಂಬಿದ ಹಲ್ಲನ್ನು ಮತ್ತೆ ಮತ್ತೆ ಬಂದು ತೋರಿಸಬೇಕು. ಬರುವವರಿಗೆ ತುಂಬುತ್ತೇವೆ, ಬಾರದವರಿಗೆ ಕೀಳುವುದೇ ಕ್ಷೇಮ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು ಎಂದು ನಾಗಮಣಿ ಕೇಳಿದಳು. ಅವನು ಪಕ್ಕದಲ್ಲಿ ನಿಂತಿದ್ದ ಹೆಡ್‌ಮಾಸ್ಟರ ಕಡೆ ನೋಡಿದ. ಹೆಡ್‌ಮಾಸ್ಟರು ತಮ್ಮ ಕೈಯಲ್ಲಿದ್ದ ಹಾಜರಿ ಪುಸ್ತಕದ ಕಡೆ ನೋಡಿದರು. ಆ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಜಾತಿಯ ಕಾಲಮ್ಮು ಇತ್ತು. ಕಾರ್ಡುಗಳ ಬಣ್ಣ ಬಂದದ್ದು ಅಲ್ಲಿಂದ. ಬಾಯಿ ತೆರೆಸುವ ಮೊದಲೇ ಹಲ್ಲಿನ ತೀರ್ಪಾಗಿತ್ತು.

"ನಾವು ಬರಕ್ಕಿಲ್ಲ ಅಂತ ನಿಮ್ಗೆಂಗ್ ಗೊತ್ತಾಯ್ತು ಮೇಷ್ಟ್ರೇ? ಒಂದ್ ಕಿತಾನಾದ್ರೂ ಕರ್ದಿದ್ರಾ?" ಎಂದಳು ನಾಗಮಣಿ.

ಅವರು ಪುಸ್ತಕ ಮುಚ್ಚಿದರು. ಒಳ್ಳೆಯದು ಮಾಡುವುದಕ್ಕೆ ಬಂದವರ ಮೇಲೆ ಜಗಳಕ್ಕೆ ಬರುತ್ತೀರಲ್ಲ ಎಂದು ಗೊಣಗಿದರು. ಮುಖ್ಯಸ್ಥ ಹನ್ನೊಂದು ಅಚ್ಚಿನ ಹಾಳೆಗಳನ್ನು ತರಿಸಿದ. ಬೇಡವಾದರೆ ಬೇಡ, ಇದಕ್ಕೆ ಸಹಿ ಮಾಡಿ ಮಕ್ಕಳನ್ನು ಕರೆದುಕೊಂಡು ಹೋಗಿ ಎಂದ. 'ನಾನು ನನ್ನ ಮಗುವಿಗೆ ಚಿಕಿತ್ಸೆಯನ್ನು ನಿರಾಕರಿಸಿದ್ದೇನೆ' ಎಂದು ಅದರಲ್ಲಿತ್ತು. ನಾಳೆ ಯಾವುದೋ ವರದಿಯಲ್ಲಿ ಈ ಹನ್ನೊಂದು ಸಹಿ ಸೇರುತ್ತವೆ. ಅರಿವಿಲ್ಲದ ಜನ, ಕರೆದರೂ ಬರಲಿಲ್ಲ ಎಂದು ಇನ್ನೊಬ್ಬ ಯಾರೋ ಅದನ್ನು ಓದುತ್ತಾನೆ. ಇನ್ನೊಂದೂರಿನ ಮಕ್ಕಳಿಗೆ ಅದೇ ಗುಲಾಬಿ ಕಾರ್ಡು ಹಂಚುತ್ತಾನೆ.

ನಾಗಮಣಿ ಪೆನ್ನು ತೆಗೆದುಕೊಂಡಳು. ಅಚ್ಚಿನ ಸಾಲಿನ ಮೇಲೆ ಕಾಗದ ಹರಿಯುವಂತೆ ಗೀಟೆಳೆದಳು. ಕೆಳಗೆ ಬರೆದಳು: 'ಚಿಕಿತ್ಸೆ ಬೇಡ ಎಂದಿಲ್ಲ. ನೀಲಿ ಕಾರ್ಡಿನ ಮಕ್ಕಳಿಗೆ ಮಾಡುವ ಚಿಕಿತ್ಸೆಯನ್ನೇ ಕೇಳಿದ್ದೇವೆ.' ಸಹಿ ಮಾಡಿ, ನೋಡಿ ಬರೆಯಲೆಂದು ಹಾಳೆಯನ್ನು ಪಕ್ಕದವಳಿಗೆ ದಾಟಿಸಿದಳು. ಫೋನಿನಲ್ಲಿದ್ದ ನೀಲಿ ಕಾರ್ಡನ್ನು ಮುಖ್ಯಸ್ಥನ ಮೂಗಿನ ಮುಂದೆ ಹಿಡಿದಳು, ಹೆಸರಿನ ಮೇಲೆ ಹೆಬ್ಬೆರಳು ಒತ್ತಿಕೊಂಡು.

ಅವನು ಮೈಸೂರಿಗೆ ಹೊತ್ತಾಗುತ್ತದೆ ಎಂದು ಹೇಳಿ ಬಸ್ಸು ಹತ್ತಿದ. ಡ್ರೈವರು ಇಂಜಿನ್ನು ಹಚ್ಚಿದ. ಮರಿತಾಯಮ್ಮ ನಡೆದುಕೊಂಡು ಹೋಗಿ ಮುಂದಿನ ಚಕ್ರದೆದುರು ಕಾಲು ಚಾಚಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಪಟ್ಟಲಮ್ಮ ಬಾಯಲ್ಲಿದ್ದ ಹೊಗೆಸೊಪ್ಪಿನ ಕಡ್ಡಿಪುಡಿ ಉಗಿದು, ಸೊಂಟ ಹಿಡಿದುಕೊಂಡು ಕೊನೆಯಲ್ಲಿ ಕೂತಳು.

ಇಂಜಿನ್ನು ಒಂದಷ್ಟು ಹೊತ್ತು ಗುಡುಗುಟ್ಟಿ ನಿಂತಿತು. ಬಾಗಿಲು ತೆರೆದವಳು ಕುಸುಮ. ಕೈಗವಸು ಹಾಕಿಕೊಂಡಿದ್ದಳು. ಒಳಗಿನಿಂದ ಮುಖ್ಯಸ್ಥ ಏನೋ ರೇಗುತ್ತಿದ್ದ. ಅವಳು ಹಿಂತಿರುಗಿ ನೋಡಲಿಲ್ಲ. ಮಂಜುಶ್ರೀ ಯಾರು ಎಂದು ಕೇಳಿದಳು.

ಮಗು ಮೆಟ್ಟಿಲು ಹತ್ತುವಾಗ ನಾಗಮಣಿ ಹಿಂದೆಯೇ ಹತ್ತಿದಳು. ಹೊರಗೆ ಕಾಯಿರಿ ಎಂದರೂ ಕೇಳಲಿಲ್ಲ. ಕುರ್ಚಿಯ ಪಕ್ಕ ನಿಂತು, ಕುಸುಮ ತಟ್ಟೆಯಿಂದ ಎತ್ತಿಕೊಳ್ಳುವ ಒಂದೊಂದು ಸಾಮಾನನ್ನೂ ಇದು ಏತಕ್ಕೆ ಎಂದು ಕೇಳಿದಳು. ಕುಸುಮ ಒಂದೊಂದಕ್ಕೂ ಉತ್ತರ ಹೇಳಿದಳು. ಹಲ್ಲು ತುಂಬಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಹೊರಗೆ ಬಿಸಿಲಲ್ಲಿ ಇನ್ನೂ ಹತ್ತು ಮಕ್ಕಳಿದ್ದರು. ಚಕ್ರದ ಮುಂದಿನಿಂದ ಯಾರೂ ಎದ್ದಿರಲಿಲ್ಲ.